ಸಾಫ್ಟ್‌ನರ್ ಹಾಕಿಸಿದ ಮೇಲೂ ಟಿಡಿಎಸ್ ಇಳಿಯಲಿಲ್ಲವೇ?

ಮನೆಗೆ ವಾಟರ್ ಸಾಫ್ಟ್‌ನರ್, ಎಂದರೆ ಗಡಸು ನೀರನ್ನು ಮೆದುಗೊಳಿಸುವ ಯಂತ್ರ, ಹಾಕಿಸಿದವರಲ್ಲಿ ಬಹಳ ಮಂದಿ ಮಾಡುವ ಮೊದಲ ಕೆಲಸ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ತೋರಿಸುವ ಮೀಟರನ್ನು ನೀರಿಗೆ ಅದ್ದುವುದು. ಒಳಹೋಗುವ ನೀರಿನಲ್ಲಿ 700 ಇತ್ತು, ಹೊರಬರುವ ನೀರಿನಲ್ಲೂ ಹೆಚ್ಚುಕಡಿಮೆ 700. ಅಲ್ಲಿಗೆ ಮೋಸಹೋದೆವು ಎಂಬ ತೀರ್ಮಾನ, ಮಾರಿದವರಿಗೆ ಫೋನು, ಜಗಳ. ಯಂತ್ರವೋ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿರಬಹುದು. ಸಾಫ್ಟ್‌ನರ್ ನೀರಿನಲ್ಲಿ ಕರಗಿದ್ದನ್ನು ಕಡಿಮೆ ಮಾಡುವ ಯಂತ್ರವೇ ಅಲ್ಲ. ಒಂದನ್ನು ಹಿಡಿದಿಟ್ಟುಕೊಂಡು ಅದರ ಬದಲಿಗೆ ಇನ್ನೊಂದನ್ನು ಬಿಟ್ಟುಕೊಡುತ್ತದೆ, ಅಷ್ಟೇ. ಈ ಅದಲುಬದಲು ಸರಿಯಾಗಿ ಅರ್ಥವಾದರೆ ಯಂತ್ರಕ್ಕೆ ಹಾಕುವ ಉಪ್ಪು ಎಷ್ಟು ಬೇಕು, ಆ ನೀರನ್ನು ಕುಡಿಯಬಹುದೇ, ಗಿಡಕ್ಕೆ ಹಾಕಬಹುದೇ, ಎಷ್ಟು ದೊಡ್ಡ ಯಂತ್ರ ಸಾಕು ಎಂಬ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಗಡಸು ನೀರಿನಿಂದಲೇ ಶುರುಮಾಡೋಣ. ಮಳೆನೀರು ಮೆದು ನೀರು. ಅದು ಮಣ್ಣಿನೊಳಗೆ ಇಳಿಯುತ್ತಾ ಅಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆಮೇಲೆ ಸುಣ್ಣಕಲ್ಲು, ಡಾಲಮೈಟ್, ಜಿಪ್ಸಂ ಇರುವ ಪದರಗಳನ್ನು ಹಾಯುವಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅದರಲ್ಲಿ ಕರಗಿ ಸೇರುತ್ತವೆ. ಗಡಸುತನ ಎಂದರೆ ಈ ಎರಡರ ಒಟ್ಟು ಲೆಕ್ಕ. ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮೀಕರಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ವಿಂಗಡಣೆಯ ಪ್ರಕಾರ 60ರವರೆಗೆ ಮೆದು, 61ರಿಂದ 120 ಮಧ್ಯಮ, 121ರಿಂದ 180 ಗಡಸು, 180 ದಾಟಿದರೆ ಬಹಳ ಗಡಸು. ಕೆಲವು ಯಂತ್ರಗಳ ಪರದೆಯಲ್ಲಿ ಗ್ರೇನ್ ಎಂಬ ಹಳೆಯ ಅಳತೆ ಕಾಣಿಸುತ್ತದೆ; ಗ್ಯಾಲನ್‌ಗೆ ಒಂದು ಗ್ರೇನ್ ಎಂದರೆ ಲೀಟರಿಗೆ ಸುಮಾರು 17 ಮಿಲಿಗ್ರಾಂ. ಈ ಎರಡು ಅಳತೆಗಳನ್ನು ಬೆರೆಸಿ ತಪ್ಪು ಅಂಕಿ ತುಂಬಿಸಿದ ಯಂತ್ರ ವರ್ಷಗಟ್ಟಲೆ ಉಪ್ಪನ್ನು ದಂಡಮಾಡುತ್ತಲೇ ಇರುತ್ತದೆ.

ಗಡಸು ನೀರಿನ ತೊಂದರೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ಸೋಪಿನದು. ಸೋಪು ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಿನಲ್ಲಿ ಕರಗದ ಜಿಡ್ಡುಜಿಡ್ಡಾದ ಗಷ್ಟಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ, ಬಚ್ಚಲಿನ ಟೈಲ್ಸಿನ ಮೇಲೆ ಕೂರುವ ಮಾಸಲು ಪದರ ಅದೇ. ಇದ್ದಬದ್ದ ಕ್ಯಾಲ್ಸಿಯಂ ಎಲ್ಲ ಹೀಗೆ ಮುಗಿಯುವವರೆಗೆ ನೊರೆ ಏಳುವುದಿಲ್ಲ. ಹಾಗಾಗಿ ಸೋಪು ಹೆಚ್ಚು ಸವೆಯುತ್ತದೆ.

ಇನ್ನೊಂದು ಬಿಸಿಯದು, ಜೇಬಿಗೆ ಹೆಚ್ಚು ಹೊರೆಯೂ ಇದರದೇ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟಿನ ಕಥೆ ಬೇರೆ. ನೀರು ಕಾದಂತೆ ಅದು ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಕೂರುತ್ತದೆ. ಅದು ಕೂರುವುದು ಎಲ್ಲಿ ಬಿಸಿ ಹೆಚ್ಚೋ ಅಲ್ಲಿ, ಎಂದರೆ ಗೀಸರಿನ ಕಾಯಿಲ್ ಮೇಲೆಯೇ. ಕಲ್ಲಿನಂಥ ಈ ಪದರ ಶಾಖವನ್ನು ನೀರಿಗೆ ಸರಾಗವಾಗಿ ದಾಟಿಸುವುದಿಲ್ಲ. ಕಾಯಿಲ್ ಒಳಗೊಳಗೇ ಅತಿಯಾಗಿ ಕಾದು ಕೊನೆಗೆ ಸುಟ್ಟುಹೋಗುತ್ತದೆ. ಗೀಸರಿನ ಉಷ್ಣತೆ 60 ಡಿಗ್ರಿ ದಾಟಿದಂತೆ ಪದರ ಬೆಳೆಯುವ ವೇಗವೂ ಏರುತ್ತದೆ. ಸಾಫ್ಟ್‌ನರ್ ಇಲ್ಲದವರು ಗೀಸರಿನ ತಿರುಗಣೆಯನ್ನು ಸ್ವಲ್ಪ ಕೆಳಗಿಳಿಸಿದರೂ ಕಾಯಿಲ್ ಒಂದಷ್ಟು ಕಾಲ ಹೆಚ್ಚು ಬಾಳುತ್ತದೆ. ತೀರಾ ಇಳಿಸಬಾರದು, ಉಗುರುಬೆಚ್ಚಗಿನ ನೀರು ನಿಂತರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಕುದಿಸಿ ಆರಿಸಿದರೆ ಗಡಸುತನ ಹೋಗುತ್ತದೆ ಎನ್ನುವುದು ಅರ್ಧ ಸತ್ಯ. ಬೈಕಾರ್ಬೊನೇಟಿನಿಂದ ಬಂದ ಪಾಲು ತಳದಲ್ಲಿ ಕೂರುತ್ತದೆ. ಸಲ್ಫೇಟ್, ಕ್ಲೋರೈಡಿನ ಜೊತೆಗಿರುವ ಪಾಲು ಎಷ್ಟು ಕುದಿಸಿದರೂ ಅಲ್ಲಾಡುವುದಿಲ್ಲ. ಮೊದಲನೆಯದಕ್ಕೆ ತಾತ್ಕಾಲಿಕ ಗಡಸುತನ, ಎರಡನೆಯದಕ್ಕೆ ಶಾಶ್ವತ ಗಡಸುತನ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದು ಇದನ್ನೇ. ಸಾಫ್ಟ್‌ನರಿಗೆ ಈ ಭೇದವಿಲ್ಲ, ಎರಡನ್ನೂ ಹಿಡಿಯುತ್ತದೆ.

ಸಿಲಿಂಡರಿನ ಒಳಗೆ ನಡೆಯುವುದು

ಉದ್ದನೆಯ ಸಿಲಿಂಡರಿನೊಳಗೆ ಮುಕ್ಕಾಲು ಭಾಗ ರೆಸಿನ್ ತುಂಬಿರುತ್ತದೆ. ಇವು ಒಂದು ಮಿಲಿಮೀಟರಿನ ಆಸುಪಾಸಿನ, ಜೇನುಬಣ್ಣದ ಸಣ್ಣ ಪ್ಲಾಸ್ಟಿಕ್ ಮಣಿಗಳು. ಪಾಲಿಸ್ಟೈರೀನಿನ ಎಳೆಗಳನ್ನು ಒಂದಕ್ಕೊಂದು ಹೆಣೆದು, ಅವುಗಳ ಮೇಲೆ ಋಣ ವಿದ್ಯುದಂಶದ ಸಲ್ಫೋನೇಟ್ ಗುಂಪುಗಳನ್ನು ಕೂರಿಸಿ ಮಾಡಿದ್ದು. ಪ್ರತಿ ಗುಂಪಿಗೂ ಜೊತೆಗೊಂದು ಧನ ವಿದ್ಯುದಂಶ ಬೇಕೇಬೇಕು. ಹೊಸ ರೆಸಿನಿನಲ್ಲಿ ಅಲ್ಲಿ ಸೋಡಿಯಂ ಕೂತಿರುತ್ತದೆ. ಗಡಸು ನೀರು ಹರಿದಾಗ ಕ್ಯಾಲ್ಸಿಯಂ ಬಂದು ಎರಡು ಜಾಗ ಹಿಡಿಯುತ್ತದೆ, ಅಲ್ಲಿದ್ದ ಎರಡು ಸೋಡಿಯಂ ಎದ್ದು ನೀರಿಗೆ ಸೇರುತ್ತವೆ. ಕ್ಯಾಲ್ಸಿಯಂಗೆ ಎರಡು ವಿದ್ಯುದಂಶ, ಸೋಡಿಯಂಗೆ ಒಂದೇ. ರೆಸಿನಿಗೆ ಎರಡಿರುವುದರ ಮೇಲೆ ಒಲವು ಹೆಚ್ಚು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಅನ್ನುತ್ತಾರಲ್ಲ, ಇಲ್ಲಿ ಬೆಣ್ಣೆ ಸಿಗುವುದು ಸುಣ್ಣಕ್ಕೇ.

ಈಗ ಟಿಡಿಎಸ್ ಮೀಟರಿನ ವಿಷಯ. 300 ಗಡಸುತನದ ಒಂದು ಲೀಟರ್ ನೀರಿನಿಂದ ಹೋಗುವ ಕ್ಯಾಲ್ಸಿಯಂ 120 ಮಿಲಿಗ್ರಾಂ. ಬದಲಿಗೆ ಬಂದು ಸೇರುವ ಸೋಡಿಯಂ 138 ಮಿಲಿಗ್ರಾಂ. ತೂಕದ ಲೆಕ್ಕದಲ್ಲಿ ನೀರಿನಲ್ಲಿ ಕರಗಿರುವುದು ತುಸು ಹೆಚ್ಚೇ ಆಯಿತು! ಮೀಟರಾದರೂ ನಿಜವಾಗಿ ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆ ಎಂಬುದನ್ನು. ಈ ವಿಷಯದಲ್ಲಿ ಕ್ಯಾಲ್ಸಿಯಂಗೂ ಸೋಡಿಯಂಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗಾಗಿ ಅಂಕಿ ಇದ್ದಲ್ಲೇ ಇರುತ್ತದೆ. ಟಿಡಿಎಸ್ ಇಳಿಯಬೇಕಾದರೆ ಆರ್‌ಒ (ನೀರನ್ನು ಮೆಂಬ್ರೇನ್ ಎಂಬ ತೆಳು ಪೊರೆಯ ಮೂಲಕ ಒತ್ತಿ ಲವಣ ಬೇರ್ಪಡಿಸುವ ಯಂತ್ರ) ಬೇಕು. ಸಾಫ್ಟ್‌ನರ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ಗಡಸುತನ ಅಳೆಯುವ ಡ್ರಾಪ್ ಕಿಟ್ ಬೇಕು. ನೀರಿಗೆ ಸೂಚಕ ಹಾಕಿದಾಗ ಕೆಂಪಾದರೆ ಗಡಸು ಇದೆ. ಕೆಂಪು ಹೋಗಿ ನೀಲಿಯಾಗುವವರೆಗೆ ಎರಡನೆಯ ದ್ರಾವಣದ ಹನಿಗಳನ್ನು ಎಣಿಸಿ, ಕಿಟ್ ಹೇಳಿದ ಅಂಕಿಯಿಂದ ಗುಣಿಸಿದರೆ ಗಡಸುತನ ಸಿಗುತ್ತದೆ. ಸರಿಯಾಗಿ ನಡೆಯುತ್ತಿರುವ ಸಾಫ್ಟ್‌ನರಿನ ನೀರು ಸೂಚಕ ಹಾಕಿದ ಕೂಡಲೇ ನೀಲಿ. ಮನೆಯಲ್ಲಿ ಈ ಕಿಟ್ ಒಂದಿದ್ದರೆ ಮುಕ್ಕಾಲು ಪಾಲು ಜಗಳಗಳು ಹುಟ್ಟುವುದೇ ಇಲ್ಲ.

ಈ ಗುಣವನ್ನು ಮನುಷ್ಯ ಮೊದಲು ಗಮನಿಸಿದ್ದು ನೀರಿನಲ್ಲಲ್ಲ, ಹೊಲದ ಮಣ್ಣಿನಲ್ಲಿ. 1850ರಲ್ಲಿ ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ಎಂಬ ಇಬ್ಬರು, ಅಮೋನಿಯಂ ಗೊಬ್ಬರದ ದ್ರಾವಣವನ್ನು ಮಣ್ಣಿನ ಮೂಲಕ ಸೋಸಿದಾಗ ಅಮೋನಿಯಂ ಒಳಗೇ ಉಳಿದು ಕೆಳಗೆ ಕ್ಯಾಲ್ಸಿಯಂ ಹೊರಬರುವುದನ್ನು ವರದಿ ಮಾಡಿದರು. ಇದನ್ನೇ ನೀರು ಮೆದುಗೊಳಿಸಲು ಬಳಸಿಕೊಂಡವರು ಜರ್ಮನಿಯ ರಾಬರ್ಟ್ ಗಾನ್ಸ್, 20ನೆಯ ಶತಮಾನದ ಆರಂಭದಲ್ಲಿ. ಇಂದಿನ ಪ್ಲಾಸ್ಟಿಕ್ ಮಣಿಗಳು ಬಂದದ್ದು 1940ರ ದಶಕದಲ್ಲಿ.

ಉಪ್ಪಿನ ಕೆಲಸ

ರೆಸಿನಿನ ಜಾಗಗಳೆಲ್ಲ ಕ್ಯಾಲ್ಸಿಯಂನಿಂದ ತುಂಬಿದ ಮೇಲೆ ಗಡಸು ನೀರು ಹೋದಹಾಗೇ ಹೊರಬರುತ್ತದೆ. ಆಗ ಅದನ್ನು ಮೊದಲ ಸ್ಥಿತಿಗೆ ತರಬೇಕು, ಇದೇ ರೀಜನರೇಷನ್. ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ರೆಸಿನಿಗೆ ಕ್ಯಾಲ್ಸಿಯಂ ಮೇಲೆ ಅಷ್ಟೊಂದು ಒಲವಿದ್ದರೆ ಸೋಡಿಯಂ ಬಂದ ಮಾತ್ರಕ್ಕೆ ಅದನ್ನು ಬಿಟ್ಟುಕೊಡುವುದೇಕೆ? ಆ ಒಲವು ತೆಳು ನೀರಿನಲ್ಲಿ ಮಾತ್ರ ಬಲವಾದದ್ದು. ಲೀಟರಿಗೆ 100 ಗ್ರಾಂ ಉಪ್ಪಿರುವ ದಪ್ಪ ದ್ರಾವಣ ಹರಿದಾಗ ಸೋಡಿಯಂ ನೂರಾರು ಪಟ್ಟು ಸಂಖ್ಯೆಯಲ್ಲಿ ಮುಗಿಬೀಳುತ್ತದೆ. ಅಷ್ಟು ಗಾಢತೆಯಲ್ಲಿ ಎರಡು ವಿದ್ಯುದಂಶದ ಅನುಕೂಲವೂ ಕುಗ್ಗುತ್ತದೆ. ಕ್ಯಾಲ್ಸಿಯಂ ಜಾಗ ಬಿಟ್ಟು ಕ್ಲೋರೈಡಿನ ಜೊತೆ ಚರಂಡಿಗೆ ಹೋಗುತ್ತದೆ. ಉಪ್ಪುನೀರು ತೆಳ್ಳಗಾದರೆ ರೀಜನರೇಷನ್ ಹೆಸರಿಗೆ ಮಾತ್ರ ನಡೆಯುವುದು ಇದೇ ಕಾರಣಕ್ಕೆ.

ಕೆಲಸದ ಕ್ರಮ ಹೀಗಿದೆ. ಮೊದಲು ನೀರು ಕೆಳಗಿನಿಂದ ಮೇಲಕ್ಕೆ ಹರಿದು, ಒತ್ತಿಕೊಂಡು ಕೂತ ಮಣಿಗಳನ್ನು ಸಡಿಲಿಸಿ, ಸಿಕ್ಕಿಕೊಂಡ ಮಣ್ಣುಕಸ ಹೊರಹಾಕುತ್ತದೆ, ಇದು ಬ್ಯಾಕ್‌ವಾಶ್. ಆಮೇಲೆ ಉಪ್ಪಿನ ಟ್ಯಾಂಕಿನಿಂದ ದ್ರಾವಣವನ್ನು ಎಳೆದುಕೊಂಡು ರೆಸಿನಿನ ಮೂಲಕ ನಿಧಾನವಾಗಿ ಹರಿಸುತ್ತದೆ. ಕೊನೆಗೆ ಮೊದಲು ನಿಧಾನವಾಗಿ, ಆಮೇಲೆ ರಭಸದಿಂದ ತೊಳೆದು, ಉಪ್ಪಿನ ಟ್ಯಾಂಕಿಗೆ ಮತ್ತೆ ನೀರು ಬಿಟ್ಟುಕೊಳ್ಳುತ್ತದೆ. ಎಲ್ಲ ಸೇರಿ ಒಂದು, ಒಂದೂವರೆ ಗಂಟೆ. ಈ ಹೊತ್ತಿನಲ್ಲಿ ನಲ್ಲಿ ತಿರುಗಿಸಿದರೆ ಸಾಮಾನ್ಯವಾಗಿ ಬರುವುದು ಗಡಸು ನೀರೇ. ಅದಕ್ಕೇ ಯಂತ್ರಗಳು ನಡುರಾತ್ರಿ ಈ ಕೆಲಸ ಮಾಡಿಕೊಳ್ಳುತ್ತವೆ. ವಾಲ್ವ್ ತಿರುಗಿಸಿ ಕೈಯಿಂದಲೇ ಮಾಡುವ ಮಾದರಿಗಳಲ್ಲೂ ಕ್ರಮ ಇದೇ. ಅವುಗಳಲ್ಲಿ ಜನ ಎಡವುವುದು ಕೊನೆಯ ತೊಳೆತದಲ್ಲಿ: ಅವಸರಕ್ಕೆ ಬೇಗ ನಿಲ್ಲಿಸಿದರೆ ಮರುದಿನದ ಸ್ನಾನದ ನೀರು ಉಪ್ಪುಪ್ಪು.

ಉಪ್ಪಿನ ಟ್ಯಾಂಕಿನ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆಯೆಂದರೆ, ಹೆಚ್ಚು ಉಪ್ಪು ಸುರಿದರೆ ನೀರು ಹೆಚ್ಚು ಮೆದುವಾಗುತ್ತದೆ ಎನ್ನುವುದು. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 360 ಗ್ರಾಂ ಉಪ್ಪು, ಅದಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಪ್ರತಿ ಸಲ ಎಷ್ಟು ಉಪ್ಪು ಖರ್ಚಾಗಬೇಕು ಎಂಬುದನ್ನು ತೀರ್ಮಾನಿಸುವುದು ಟ್ಯಾಂಕಿಗೆ ಯಂತ್ರ ಬಿಟ್ಟುಕೊಳ್ಳುವ ನೀರಿನ ಪ್ರಮಾಣವೇ ಹೊರತು, ಮೇಲೆ ನೀವು ಪೇರಿಸಿದ ಉಪ್ಪಿನ ರಾಶಿಯಲ್ಲ. ಟ್ಯಾಂಕಿನ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಸಾಕು. ಕಂಠಮಟ್ಟ ತುಂಬಿದರೆ ಬೇರೆ ಕಾಟ: ತೇವಕ್ಕೆ ಉಪ್ಪು ಹೆಪ್ಪುಗಟ್ಟಿ ಕಮಾನಿನಂತೆ ನಿಂತು, ಅದರಡಿ ಜಾಗ ಖಾಲಿ ಉಳಿದು, ನೀರು ಉಪ್ಪನ್ನು ಮುಟ್ಟುವುದೇ ಇಲ್ಲ. ಉಪ್ಪು ತುಂಬಿದೆ, ಆದರೂ ವಾರಗಟ್ಟಲೆ ಒಂದಿಷ್ಟೂ ಇಳಿದಿಲ್ಲ, ನೀರು ಗಡಸಾಗಿದೆ ಎಂದಾದರೆ ಉದ್ದನೆಯ ಕೋಲಿನಿಂದ ಮೆಲ್ಲಗೆ ಚುಚ್ಚಿ ನೋಡಬೇಕು. ಪುಡಿ ಉಪ್ಪು ರಾಸಾಯನಿಕವಾಗಿ ಕೆಲಸ ಮಾಡುತ್ತದೆ. ಆದರೆ ತಳದಲ್ಲಿ ಕೆಸರಿನಂತೆ ಕೂತು ದಾರಿ ಕಟ್ಟುತ್ತದೆ. ಕಲ್ಲುಪ್ಪಿನಲ್ಲಿ ಮಣ್ಣಿನ ಅಂಶ ಇರಬಹುದು. ಗುಳಿಗೆ ರೂಪದ ಶುದ್ಧ ಉಪ್ಪು ದುಬಾರಿಯಾದರೂ ಕೊನೆಗೆ ಅಗ್ಗ.

ಎಷ್ಟು ದೊಡ್ಡದು ಬೇಕು

ಲೆಕ್ಕ ಸುಲಭ, ಮಾರುವವರು ಹೇಳುವುದಕ್ಕೆ ಮೊದಲು ನೀವೇ ಮಾಡಿಕೊಳ್ಳಬಹುದು. ನಾಲ್ಕು ಜನ, ತಲೆಗೆ ದಿನಕ್ಕೆ 150 ಲೀಟರ್ ಎಂದರೆ 600 ಲೀಟರ್. ಗಡಸುತನ 400 ಇದ್ದರೆ ದಿನಕ್ಕೆ 240 ಗ್ರಾಂ ಗಡಸುತನ ಹಿಡಿಯಬೇಕು. ಮಿತವಾಗಿ ಉಪ್ಪು ಕೊಟ್ಟರೆ ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆ. ಅಂದರೆ 25 ಲೀಟರ್ ರೆಸಿನ್ ಇರುವ ಯಂತ್ರ 1,250 ಗ್ರಾಂ ಹಿಡಿದು, ಐದು ದಿನಕ್ಕೊಮ್ಮೆ ರೀಜನರೇಷನ್ ಕೇಳುತ್ತದೆ. ಲೀಟರ್ ರೆಸಿನಿಗೆ 120 ಗ್ರಾಂ ಉಪ್ಪಿನಂತೆ ಪ್ರತಿ ಸಲಕ್ಕೆ 3 ಕಿಲೋ, ತಿಂಗಳಿಗೆ ಸುಮಾರು 18 ಕಿಲೋ.

ಉಪ್ಪಿನ ಪ್ರಮಾಣ ಏರಿಸಿದರೆ ರೆಸಿನ್ ಇನ್ನಷ್ಟು ಹಿಡಿಯುತ್ತದೆ ನಿಜ. ಆದರೆ ಲಾಭ ಸಮವಾಗಿ ಏರುವುದಿಲ್ಲ. ಲೀಟರಿಗೆ ಸುಮಾರು 96 ಗ್ರಾಂ ಉಪ್ಪು ಕೊಟ್ಟಾಗ 46 ಗ್ರಾಂ ಗಡಸುತನ ಹಿಡಿಯುವ ರೆಸಿನ್, ಉಪ್ಪನ್ನು ಎರಡೂವರೆ ಪಟ್ಟು ಏರಿಸಿ 240 ಗ್ರಾಂ ಕೊಟ್ಟಾಗ ಹಿಡಿಯುವುದು 69 ಗ್ರಾಂ ಮಾತ್ರ. ಆದ್ದರಿಂದ ತುಸು ದೊಡ್ಡ ಯಂತ್ರ ಕೊಂಡು, ಕಡಿಮೆ ಉಪ್ಪಿನ ಸೆಟ್ಟಿಂಗಿನಲ್ಲಿ ನಡೆಸುವುದೇ ಜಾಣತನ. ಚಿಕ್ಕದನ್ನು ಕೊಂಡು ಉಪ್ಪಿನಿಂದ ಹಿಂಡುವವರು ಯಂತ್ರದಲ್ಲಿ ಉಳಿಸಿದ ಹಣವನ್ನು ಚರಂಡಿಗೆ ಸುರಿಯುತ್ತಿರುತ್ತಾರೆ. ಇದೇ ಕಾರಣಕ್ಕೆ, ಇಷ್ಟು ದಿನಕ್ಕೊಮ್ಮೆ ಎಂದು ಗಡಿಯಾರ ನೋಡಿ ರೀಜನರೇಷನ್ ಮಾಡುವ ಯಂತ್ರಕ್ಕಿಂತ, ಹರಿದ ನೀರನ್ನು ಮೀಟರಿನಲ್ಲಿ ಅಳೆದು ಮಾಡುವ ಯಂತ್ರ ಮೇಲು. ಮನೆಯಲ್ಲಿ ಜನ ಇಲ್ಲದ ದಿನಗಳಲ್ಲಿ ಅದು ಸುಮ್ಮನಿರುತ್ತದೆ.

ಹರಿವಿನ ವೇಗವನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಮಣಿಯೊಳಗೆ ಅದಲುಬದಲಾಗಲು ಒಂದಿಷ್ಟು ಸಮಯ ಬೇಕು. ಗಂಟೆಗೆ ರೆಸಿನಿನ ಗಾತ್ರದ 40 ಪಟ್ಟು ನೀರು ಎಂಬುದು ಸಾಮಾನ್ಯ ಮಿತಿ. 25 ಲೀಟರ್ ರೆಸಿನಿಗೆ ಗಂಟೆಗೆ 1,000 ಲೀಟರ್. ಇದಕ್ಕಿಂತ ಮೂರು ಪಟ್ಟು ರಭಸದ ಪಂಪಿಗೆ ಅದನ್ನು ಜೋಡಿಸಿದರೆ ಗಡಸು ಸೋರಿಕೊಂಡು ಬರುತ್ತದೆ, ಯಂತ್ರ ಕೆಟ್ಟಿದೆ ಎಂಬ ದೂರು ಬರುತ್ತದೆ. ಒತ್ತಡ ಕಡಿಮೆಯಾದರೂ ಕಷ್ಟವೇ. ಉಪ್ಪುನೀರನ್ನು ಎಳೆದುಕೊಳ್ಳುವ ಇಂಜೆಕ್ಟರಿಗೆ ಒಂದೂವರೆಯಿಂದ ಎರಡು ಬಾರ್ ಒತ್ತಡ ಬೇಕು. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿನ ಒತ್ತಡ ಸುಮಾರು ಒಂದು ಬಾರ್ ಮಾತ್ರ. ಚಾವಣಿಯ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಸ್ವಯಂಚಾಲಿತ ಯಂತ್ರ ಜೋಡಿಸಿದರೆ ಅದು ಉಪ್ಪು ಎಳೆಯದೇ ಕೂರುವುದು ಇದಕ್ಕೇ. ಅದರ ಜಾಗ ಪಂಪಿನಿಂದ ಟ್ಯಾಂಕಿಗೆ ಹೋಗುವ ದಾರಿಯಲ್ಲಿ, ಇಲ್ಲವೇ ಪ್ರೆಷರ್ ಪಂಪ್ ದಾಟಿದ ಮೇಲೆ.

ಕುಡಿಯಲು, ಗಿಡಕ್ಕೆ, ಮೈಗೆ

100 ಗಡಸುತನ ತೆಗೆದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ಇದು ಬದಲಾಗದ ಲೆಕ್ಕ. 300 ಗಡಸುತನ ತೆಗೆದ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ಸುಮಾರು 276 ಮಿಲಿಗ್ರಾಂ ಹೆಚ್ಚುವರಿ ಸೋಡಿಯಂ. ವಯಸ್ಕರು ದಿನಕ್ಕೆ 2,000 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರೋಗ್ಯವಂತರಿಗೆ ಇದು ಗಾಬರಿಯ ಸಂಗತಿಯಲ್ಲ. ರಕ್ತದೊತ್ತಡ, ಹೃದಯ, ಕಿಡ್ನಿಯ ತೊಂದರೆಯಿಂದ ಉಪ್ಪು ಬಿಟ್ಟವರಿಗೆ, ಪುಡಿ ಹಾಲು ಕುಡಿಯುವ ಹಸುಗೂಸಿಗೆ ಸಂಗತಿಯೇ. ಗಡಸುತನ 600ರಷ್ಟಿದ್ದ ನೀರಾದರೆ ಸೇರುವ ಸೋಡಿಯಂ ನಾಲಗೆಗೂ ಗೊತ್ತಾಗುವ ಮಟ್ಟ ದಾಟುತ್ತದೆ. ಸುಲಭದ ದಾರಿ, ಅಡುಗೆಮನೆಯ ತಣ್ಣೀರಿನ ನಲ್ಲಿಯೊಂದನ್ನು ಸಾಫ್ಟ್‌ನರಿಗೆ ಮೊದಲೇ ಬೇರ್ಪಡಿಸಿಕೊಳ್ಳುವುದು. ಆರ್‌ಒ ಇದ್ದವರು ಅದನ್ನು ಸಾಫ್ಟ್‌ನರಿನ ನಂತರ ಇಡಬಹುದು: ಸೋಡಿಯಂ ಬಹುಪಾಲು ಅಲ್ಲಿ ಹೋಗುತ್ತದೆ, ಸುಣ್ಣ ಕಟ್ಟದೆ ಮೆಂಬ್ರೇನೂ ಹೆಚ್ಚು ಕಾಲ ಬಾಳುತ್ತದೆ. ಸೋಡಿಯಂ ಬೇಡವೆಂದು ಪೊಟ್ಯಾಸಿಯಂ ಕ್ಲೋರೈಡ್ ಹಾಕುವವರೂ ಇದ್ದಾರೆ. ಕಿಡ್ನಿ ತೊಂದರೆ ಇರುವವರಿಗೆ ಅದು ಇನ್ನೂ ಅಪಾಯಕಾರಿ, ವೈದ್ಯರನ್ನು ಕೇಳದೆ ಬೇಡ.

ಸಾಫ್ಟ್‌ನರ್ ನೀರನ್ನು ಶುದ್ಧ ಮಾಡುತ್ತದೆ ಎಂದು ನಂಬುವುದು ಬೇರೆಯೇ ಅಪಾಯ. ರೋಗಾಣು ಅದರಲ್ಲಿ ಸಾಯುವುದಿಲ್ಲ. ಫ್ಲೋರೈಡ್, ನೈಟ್ರೇಟ್ ಋಣ ವಿದ್ಯುದಂಶದವು. ಈ ರೆಸಿನ್ ಅವುಗಳನ್ನು ತಡೆಯದೆ ಹಾಗೇ ಬಿಟ್ಟುಬಿಡುತ್ತದೆ.

ಗಿಡಗಳಿಗೆ ಈ ನೀರು ಬೇಡ. ಸೋಡಿಯಂ ಹೆಚ್ಚಾದಂತೆ ಜೇಡಿಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಮಣ್ಣು ಒಣಗಿದಾಗ ಹೆಂಟೆಗಟ್ಟಿ ನೀರು ಇಂಗುವುದೇ ನಿಲ್ಲುತ್ತದೆ. ರೀಜನರೇಷನ್ನಿನ ನೀರಂತೂ ನೇರ ವಿಷ. ಅದನ್ನು ತೋಟಕ್ಕಾಗಲಿ ಇಂಗುಗುಂಡಿಗಾಗಲಿ ಬಿಡಲೇಬಾರದು. ಈ ಉಪ್ಪು ಎಲ್ಲಿಗೋ ಹೋಗಿ ಮಾಯವಾಗುವುದೂ ಇಲ್ಲ. ಕೊಳಚೆ ಶುದ್ಧೀಕರಣ ಘಟಕಗಳು ಸಾಮಾನ್ಯವಾಗಿ ಕ್ಲೋರೈಡನ್ನು ತೆಗೆಯಲಾರವು. ಅದು ನದಿ ಸೇರುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಿಟಾ ಕಣಿವೆಯಲ್ಲಿ ಹೀಗೆ ನದಿಯ ಕ್ಲೋರೈಡ್ ಏರಿ, 2008ರಲ್ಲಿ ಮನೆಗಳ ಸ್ವಯಂಚಾಲಿತ ಸಾಫ್ಟ್‌ನರುಗಳನ್ನು ತೆಗೆಸುವ ನಿಯಮಕ್ಕೆ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟರು. ಆದ್ದರಿಂದ ಮನೆಯ ಎಲ್ಲ ನೀರನ್ನೂ ಮೆದುಗೊಳಿಸುವ ಹಟ ಬೇಡ. ಗೀಸರ್, ಸ್ನಾನ, ವಾಷಿಂಗ್ ಮೆಷಿನ್ ಸಾಕು. ಫ್ಲಶ್, ಅಂಗಳ, ಗಿಡಗಳಿಗೆ ಬಂದ ನೀರೇ ಇರಲಿ.

ಮೆದು ನೀರಿನಲ್ಲಿ ಸ್ನಾನ ಮಾಡಿದರೆ ಮೊದಮೊದಲು ಸೋಪು ಹೋಗಲೇ ಇಲ್ಲವೇನೋ ಎಂಬಂತೆ ಮೈ ಜಾರುತ್ತದೆ. ಸೋಪು ಹಳೆಯ ಅಭ್ಯಾಸದಷ್ಟೇ ಹಾಕಿರುತ್ತೇವೆ, ಅದನ್ನು ಕಚ್ಚಿ ಹಿಡಿಯುತ್ತಿದ್ದ ಕ್ಯಾಲ್ಸಿಯಂ ಈಗಿಲ್ಲ. ಸೋಪು, ಡಿಟರ್ಜೆಂಟ್ ಎರಡನ್ನೂ ಕಡಿಮೆ ಮಾಡಬೇಕು. ಜಾರುವುದು ತೀರಾ ಹಿಡಿಸದಿದ್ದರೆ ಬೈಪಾಸಿನಿಂದ (ಸಾಫ್ಟ್‌ನರನ್ನು ಬಳಸಿ ಹೋಗುವ ಪಕ್ಕದ ದಾರಿ) ಸ್ವಲ್ಪ ಗಡಸು ನೀರು ಬೆರೆಸಿ ಗಡಸುತನವನ್ನು 50-100ರಲ್ಲಿ ನಿಲ್ಲಿಸಬಹುದು. ಪಾತ್ರೆ ತೊಳೆಯುವ ಡಿಶ್‌ವಾಷರಿನೊಳಗೆ ಅದರದೇ ಪುಟ್ಟ ಸಾಫ್ಟ್‌ನರ್ ಇರುವುದುಂಟು. ಮನೆಗೇ ಸಾಫ್ಟ್‌ನರ್ ಬಂದ ಮೇಲೆ ಅದರ ಗಡಸುತನದ ಸೆಟ್ಟಿಂಗನ್ನು ಕನಿಷ್ಠಕ್ಕೆ ಇಳಿಸಿ.

ಚರ್ಮ, ಕೂದಲಿನ ಬಗ್ಗೆ ಜಾಹೀರಾತುಗಳು ಹೇಳುವುದನ್ನು ಅರ್ಧಕ್ಕೆ ಅರ್ಧ ಕಳೆದು ಕೇಳುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಎಸ್ಜಿಮಾ ಎಂಬ ಚರ್ಮದ ತುರಿಕೆಯ ಕಾಯಿಲೆ ಇದ್ದ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಗೆ ಸಾಫ್ಟ್‌ನರ್ ಸೇರಿಸಿದ್ದರಿಂದ ರೋಗಕ್ಕೆ ಹೆಚ್ಚಿನ ಗುಣ ಕಾಣಲಿಲ್ಲ. ಗಡಸು ನೀರು ಕುಡಿಯುವುದು ಕೆಟ್ಟದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಮಿತಿಯೇನನ್ನೂ ಹಾಕಿಲ್ಲ. ಸಾಫ್ಟ್‌ನರನ್ನು ಗೀಸರ್, ಪೈಪು, ನಲ್ಲಿ, ಬಟ್ಟೆ, ಬಚ್ಚಲಿನ ಸಲುವಾಗಿ ಕೊಳ್ಳಿ. ಆ ಲೆಕ್ಕದಲ್ಲೇ ಅದು ಸಲ್ಲುತ್ತದೆ.

ಉಪ್ಪೇ ಬೇಡದ ಸಾಫ್ಟ್‌ನರ್ ಎಂದು ಮಾರುವ ಸಾಧನಗಳು ಗಡಸುತನವನ್ನು ತೆಗೆಯುವುದಿಲ್ಲ. ಅವುಗಳಲ್ಲಿ ಒಂದು ಬಗೆ, ಕ್ಯಾಲ್ಸಿಯಂ ಕಾರ್ಬೊನೇಟನ್ನು ಸೂಕ್ಷ್ಮ ಹರಳುಗಳಾಗಿಸಿ ಪೈಪಿಗೆ ಅಂಟದಂತೆ ಮಾಡುತ್ತದೆ. ಅದರಿಂದ ಪದರ ಕಟ್ಟುವುದು ಕಡಿಮೆಯಾಗಬಹುದು, ಸೋಪಿನ ತೊಂದರೆ ಹಾಗೇ ಉಳಿಯುತ್ತದೆ. ಪೈಪಿಗೆ ಕಟ್ಟುವ ಅಯಸ್ಕಾಂತದ ಬಗ್ಗೆ ಗಟ್ಟಿ ಪುರಾವೆಯಿಲ್ಲ. ನನ್ನ ದುಡ್ಡನ್ನಂತೂ ಅದಕ್ಕೆ ಹಾಕಲಾರೆ.

ಇನ್ನುಳಿದದ್ದು ರೆಸಿನಿನ ಆಯುಸ್ಸು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ, ಅದಕ್ಕೂ ಮೇಲೆ ಬಾಳುತ್ತದೆ. ಅದರ ಶತ್ರುಗಳು ಎರಡು. ಕ್ಲೋರಿನ್ ಮಣಿಗಳ ಹೆಣಿಗೆಯನ್ನು ಮೆಲ್ಲಮೆಲ್ಲಗೆ ಕಡಿದು ಮೆತ್ತಗಾಗಿಸುತ್ತದೆ. ಆಗ ನೀರಿನ ಒತ್ತಡ ಇಳಿಯುತ್ತದೆ. ಕ್ಲೋರಿನ್ ಹೆಚ್ಚಿದ್ದರೆ ಮುಂಚೆ ಒಂದು ಕಾರ್ಬನ್ ಫಿಲ್ಟರ್ ಇರಲಿ. ಕಬ್ಬಿಣದ ಅಂಶ ಮಣಿಗಳನ್ನು ಕಂದುಬಣ್ಣಕ್ಕೆ ತಿರುಗಿಸಿ ಜಾಗಗಳನ್ನೇ ಮುಚ್ಚುತ್ತದೆ. ಲೀಟರಿಗೆ ಒಂದೆರಡು ಮಿಲಿಗ್ರಾಂ ದಾಟಿದರೆ ಕಬ್ಬಿಣ ತೆಗೆಯುವ ಫಿಲ್ಟರ್ ಮೊದಲು, ಸಾಫ್ಟ್‌ನರ್ ಆಮೇಲೆ. ಈಗಾಗಲೇ ಕಂದಾಗಿದ್ದರೆ ಸಿಟ್ರಿಕ್ ಆಮ್ಲದಂಥ ರೆಸಿನ್ ಕ್ಲೀನರ್ ಒಂದಷ್ಟು ಚೇತರಿಕೆ ಕೊಡುತ್ತದೆ. ವಾರಗಟ್ಟಲೆ ಮನೆ ಬೀಗ ಹಾಕಿದ್ದರೆ ನಿಂತ ನೀರಿನಲ್ಲಿ, ಮಣಿಗಳ ಸಂದಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬಂದ ಕೂಡಲೇ ಒಂದು ರೀಜನರೇಷನ್ ಮಾಡಿಸಿ ಆಮೇಲೆ ಬಳಸಬೇಕು. ನಲ್ಲಿಯ ಜಾಲರಿಯಲ್ಲಿ ಜೇನುಬಣ್ಣದ ಮಣಿಗಳೇ ಸಿಕ್ಕರೆ ರೆಸಿನಿನ ತಪ್ಪಲ್ಲ: ಸಿಲಿಂಡರಿನ ತಳದ ಜಾಲರಿ ಒಡೆದಿದೆ ಎಂದರ್ಥ. ಕೂಡಲೇ ಬೈಪಾಸ್ ತಿರುಗಿಸಿ ರಿಪೇರಿಯವರನ್ನು ಕರೆಸಿ, ಇಲ್ಲದಿದ್ದರೆ ಗೀಸರಿನವರೆಗೂ ಮಣಿಗಳು ಹೋಗಿ ಸೇರುತ್ತವೆ.